ಕ್ರೇಯಾನ್ ಸಾಕು, ಚಿಟ್ಟಿ ಇಡುವವರು ಬೇಕು

"ಅಲ್ಲಿನ ಕನ್ನಡ ಸಾಲಿಗೆ ಏನರ ಕಳಸ್ಬೇಕಂತ ಮಾಡೇವಿ, ಏನ್ ಬೇಕ್ರಿ?" ಅಂತ ಹಾವೇರಿಯ ಗೆಳೆಯರು ಕೇಳುತ್ತಿರುತ್ತಾರೆ. ನಾನು ಬಾಯಿ ಬಿಡುವುದರೊಳಗೆ ಕ್ರೇಯಾನ್ ಪೆಟ್ಟಿಗೆಗಳ ಪಾರ್ಸೆಲ್ ಹೊರಟಿರುತ್ತದೆ. ಬ್ಯಾಂಕ್ ಕೆಲಸಕ್ಕೆ ಅಂತ ಕಾಸರಗೋಡು ಜಿಲ್ಲೆಯ ಬದಿಯಡ್ಕಕ್ಕೆ ಬಂದು ಇಲ್ಲೇ ಉಳಿದವನು ನಾನು. ರಜೆಯಲ್ಲಿ ಇಲ್ಲಿನ ಕನ್ನಡ ಮಾಧ್ಯಮ ಶಾಲೆಯೊಂದರ ಕಲಾ ಶಿಬಿರಕ್ಕೆ ಹೋಗುತ್ತೇನೆ. ಮುಂದಿನ ಪಾರ್ಸೆಲ್ ಕಟ್ಟುವ ಮೊದಲು ಇದನ್ನೊಮ್ಮೆ ಓದಿ.

ಶಿಬಿರಕ್ಕೆ ಬರುವ ಮಕ್ಕಳ ಅಪ್ಪಂದಿರು ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಕೋರೆಯಲ್ಲೋ ಅಡಿಕೆ ತೋಟದಲ್ಲೋ ದುಡಿಯುತ್ತಾರೆ, ಅಮ್ಮಂದಿರು ಬೀಡಿ ಕಟ್ಟುತ್ತಾರೆ. ಮನೆಯಲ್ಲಿ ತುಳು, ಅಂಗಡಿಯಲ್ಲಿ ಮಲಯಾಳ, ಕ್ಲಾಸಿನಲ್ಲಿ ಕನ್ನಡ. ನಮ್ಮ ಕಡೆಯವರಿಗೆ ಇದು ದೊಡ್ಡ ಸಂಗತಿ, ಈ ಮಕ್ಕಳಿಗೆ ಏನೂ ಅಲ್ಲ.

ಬಣ್ಣಕ್ಕೂ ಇಲ್ಲಿ ಬರವಿಲ್ಲ. ಮುರಕಲ್ಲಿನ ಪುಡಿ ಇದೆ, ದೀಪದ ಮಸಿ ಇದೆ, ಎಳೆಯ ತೇಗದೆಲೆ ಉಜ್ಜಿದರೆ ಕೆಂಪು. ಅರಿಸಿನಕ್ಕೆ ಅಜ್ಜಿಯ ವೀಳ್ಯದ ಸುಣ್ಣ ಬಿದ್ದರೆ ಓಕುಳಿಯ ಕೆಂಪು. ಅರಿಸಿನ ಬಿಸಿಲಿಗೆ ನಿಲ್ಲುವುದಿಲ್ಲ, ನಾಲ್ಕು ದಿನಕ್ಕೆ ಮಂಕಾಗುತ್ತದೆ. ಮಕ್ಕಳಿಗೆ ಅದರ ಚಿಂತೆಯಿಲ್ಲ. ಕಾಗದದ ಬದಲು ಅಡಿಕೆ ಹಾಳೆ, ಅಂದರೆ ಅಡಿಕೆ ಸೋಗೆಯ ಬುಡದ ಅಗಲ ಪೊರೆ, ಒಳಮೈ ನುಣುಪು. ನೆನೆಸಿ, ಕಲ್ಲು ಹೇರಿ ಚಪ್ಪಟೆ ಮಾಡಿಟ್ಟರೆ ಆಯಿತು.

ಕಳೆದ ಸಲದ ಶಿಬಿರಕ್ಕೆ ಟೀಚರ್ ಯಕ್ಷಗಾನದಲ್ಲಿ ರಕ್ಕಸರ ಪಾತ್ರ ಮಾಡುವ ಬಣ್ಣದ ವೇಷಧಾರಿಯೊಬ್ಬರನ್ನು ಕರೆಸಿದ್ದರು. ತೆಂಕುತಿಟ್ಟಿನ, ಅಂದರೆ ಇಲ್ಲಿನ ತೆಂಕಣ ಶೈಲಿಯ ಯಕ್ಷಗಾನದ, ರಕ್ಕಸನ ಮುಖದ ಮೇಲೆ ಮುಳ್ಳು ಮುಳ್ಳಾಗಿ ಕಾಣುವ ಬಿಳಿ ಸಾಲುಗಳೇ ಚಿಟ್ಟಿ. ಅಕ್ಕಿ ಹಿಟ್ಟಿಗೆ ಸುಣ್ಣ ಸೇರಿಸಿ, ಕಡ್ಡಿಯ ತುದಿಯಿಂದ ಒಂದೊಂದೇ ಚುಕ್ಕಿ ಇಡಬೇಕು. ಅದು ಒಣಗಿದ ಮೇಲೆ ಅದರ ನೆತ್ತಿಗೆ ಇನ್ನೊಂದು. ಮೇಳದಲ್ಲಿ ಇದಕ್ಕೆ ಗಂಟೆಗಟ್ಟಲೆ ಕೂರುತ್ತಾರೆ. ಹಾಳೆಯಲ್ಲಿ ಕತ್ತರಿಸಿದ ಮುಖವಾಡಕ್ಕೆ ಮಕ್ಕಳು ಚಿಟ್ಟಿ ಇಡತೊಡಗಿದರು. ಕ್ಲಾಸಿನಲ್ಲಿ ಕೂತಲ್ಲಿ ಕೂರದ ಆರನೇ ಕ್ಲಾಸಿನ ಹುಡುಗ ಉಸಿರು ಬಿಗಿಹಿಡಿದು ಮೂಗಿನ ಮೇಲಿನ ಸಾಲು ಮುಗಿಸಿದ. ನಾನು ಹತ್ತಿರ ಬಾಗಿದೆ. "ಮುಟ್ಬೇಡಿ ಮಾಷೇ, ಹಸಿ ಉಂಟು, ಉದುರ್ತದೆ" ಎಂದ. ನಾನು ಮೇಷ್ಟ್ರೇ ಅಲ್ಲ, ಆದರೂ ಕೈ ಹಿಂದಕ್ಕೆ ಹೋಯಿತು.

ನಮ್ಮ ಜಿಲ್ಲೆಯ ಕುಂಬಳೆ, ಯಕ್ಷಗಾನ ಪ್ರಸಂಗಗಳ ಕವಿ ಪಾರ್ತಿಸುಬ್ಬನ ಊರು. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ. ಹಾಗಿದ್ದೂ ಕೋರೆ ಕೆಲಸದವರ ಮಕ್ಕಳು ರಂಗಸ್ಥಳದವರೆಗೆ ಬರುವುದು ಕಷ್ಟ. ವೇಷದ ಬಾಡಿಗೆ, ಹಿಮ್ಮೇಳದವರ ಸಂಭಾವನೆ, ತಿಂಗಳುಗಟ್ಟಲೆ ಅಭ್ಯಾಸ, ಇಷ್ಟಕ್ಕೆಲ್ಲ ದುಡ್ಡು ಎಲ್ಲಿಂದ? ಒಂದು ದಿನ ಬಂದು ಡ್ರಾಯಿಂಗ್ ಶೀಟ್ ಹಂಚಿ, ಬ್ಯಾನರ್ ಹಿಡಿಸಿ ಫೋಟೋ ತೆಗೆದು ಹೋಗುವವರ ಮೇಲೆ ನನಗೆ ಸಿಟ್ಟಿಲ್ಲ, ಉತ್ಸಾಹವೂ ಇಲ್ಲ.

ಏನಾದರೂ ಕೊಡಲೇಬೇಕೆಂದಿದ್ದರೆ ಕಲಾವಿದರ ಗೌರವಧನ ಕೊಡಿ, ಸಂಜೆ ಮಕ್ಕಳನ್ನು ಮನೆಗೆ ಬಿಡುವ ಜೀಪಿನ ಬಾಡಿಗೆ ಕೊಡಿ. ಬರುವವರಿಗೆ ಮಂಗಳೂರಿನಿಂದ ಕಾಸರಗೋಡು 50 ಕಿ.ಮೀ. ಅಷ್ಟೇ, ತಲಪಾಡಿ ದಾಟಿದರೆ ನಮ್ಮ ಜಿಲ್ಲೆ. ಪತ್ತನಾಜೆಗೆ (ಮೇ ಕೊನೆಯ ಹೊತ್ತಿಗೆ ಬರುವ, ಯಕ್ಷಗಾನದ ತಿರುಗಾಟ ಮುಗಿಯುವ ದಿನ) ಗೆಜ್ಜೆ ಬಿಚ್ಚಿದ ಮೇಳದವರು ಮಳೆಗಾಲವಿಡೀ ಊರಲ್ಲೇ ಇರುತ್ತಾರೆ. ಓಣಂ ರಜೆಯೂ ಅದೇ ಹೊತ್ತಿಗೆ ಬೀಳುವುದರಿಂದ ಮುಂದಿನ ಶಿಬಿರವನ್ನು ಆಗಲೇ ಇಟ್ಟುಕೊಂಡಿದ್ದೇವೆ.