ಹಾಸನದ ಮಾವ, ಶೆಫೀಲ್ಡ್‌ನ ಓವರ್‌ಡ್ರೈವ್

ಕೀ ತಿರುಗಿಸಬೇಕು, ಆದರೆ ಎಂಜಿನ್ ಸ್ಟಾರ್ಟ್ ಮಾಡಬಾರದು. ನಾಲ್ಕನೇ ಗೇರ್ ಹಾಕಿ, ಸ್ಟೀರಿಂಗ್ ಕೆಳಗಿರುವ ಪುಟ್ಟ ಕಡ್ಡಿಯನ್ನು ತಳ್ಳಬೇಕು. ಗೇರ್‌ಬಾಕ್ಸ್ ಕಡೆಯಿಂದ ಟಕ್ ಅಂತ ಒಂದು ಸಣ್ಣ ಸದ್ದು ಬರಬೇಕು. ನನ್ನ ಕಾರಿನಲ್ಲಿ ಮೂರು ತಿಂಗಳು ಆ ಸದ್ದೇ ಇರಲಿಲ್ಲ.

ಕಾರು 1973ರ ಎಂಜಿಬಿ ಜಿಟಿ. ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ತಯಾರಾದದ್ದು. ಇದಕ್ಕೆ ಇರುವುದು ನಾಲ್ಕೇ ಗೇರ್. ಗೇರ್‌ಬಾಕ್ಸಿನ ಹಿಂದೆ ಬಾಲದ ಹಾಗೆ ಓವರ್‌ಡ್ರೈವ್ ಜೋಡಿಸಿದ್ದಾರೆ. ಕಾರಿನ ವೇಗ ಅಷ್ಟೇ ಇದ್ದರೂ ಎಂಜಿನ್ ನಿಧಾನವಾಗಿ ತಿರುಗುವ ಹಾಗೆ ಮಾಡುವ ಹೆಚ್ಚುವರಿ ಗೇರ್ ಅದು. ಆಗ ಅದಕ್ಕೆ ಬೇರೆ ದುಡ್ಡು ಕೊಡಬೇಕಿತ್ತು. ಮೂರನೇ ಮತ್ತು ನಾಲ್ಕನೇ ಗೇರಿನಲ್ಲಿ ಮಾತ್ರ ಕೆಲಸ ಮಾಡುತ್ತದೆ. ಕ್ಲಚ್ ತುಳಿಯಬೇಕಿಲ್ಲ, ಕಡ್ಡಿ ತಳ್ಳಿದರೆ ಸಾಕು. ಗಂಟೆಗೆ 60 ಮೈಲಿ, ಅಂದರೆ ಸುಮಾರು 97 ಕಿ.ಮೀ. ವೇಗದಲ್ಲಿ ಎಂಜಿನ್ ನಿಮಿಷಕ್ಕೆ 3,300 ಸುತ್ತಿನ ಆಸುಪಾಸು ತಿರುಗುತ್ತಿರುತ್ತದೆ. ಓವರ್‌ಡ್ರೈವ್ ಬಿದ್ದ ಕೂಡಲೇ ಅದು 2,700ರ ಹತ್ತಿರಕ್ಕೆ ಇಳಿಯುತ್ತದೆ. ಕಾರು ಉಸಿರು ಬಿಟ್ಟ ಹಾಗೆ ಆಗುತ್ತದೆ.

ಇದನ್ನು ಮಾಡಿದ ಲೇಕಾಕ್ ಕಂಪನಿ ಇದ್ದದ್ದು ನಾನು ಈಗ ಇರುವ ಶೆಫೀಲ್ಡ್‌ನಲ್ಲೇ. ಊರಿನ ವಸ್ತು ಊರಲ್ಲೇ ಕೆಟ್ಟು ಕೂತರೆ ಹೊಟ್ಟೆ ಉರಿಯುತ್ತೆ, ಅಲ್ವಾ?

ಇಲ್ಲಿನ ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಓವರ್‌ಡ್ರೈವ್ ಹೋಗಿದೆ, ಬಿಚ್ಚಬೇಕು ಅಂದರು. ಈ ಕಾರಿನಲ್ಲಿ ಅದನ್ನು ಬಿಚ್ಚಬೇಕಾದರೆ ಎಂಜಿನ್, ಗೇರ್‌ಬಾಕ್ಸ್ ಎರಡನ್ನೂ ಒಟ್ಟಿಗೆ ಮೇಲೆತ್ತಬೇಕು. ಅವರು ಹೇಳಿದ ರೇಟು ಕೇಳಿ ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಹಾಸನಕ್ಕೆ ಫೋನ್ ಮಾಡಿದೆ. ನನ್ನ ಸೋದರಮಾವ ಇಪ್ಪತ್ತು ವರ್ಷ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದವರು. ರಿಪೇರಿಯೂ ಅವರದೇ ಕೈ. ಹಳೇ ಪೆಟ್ರೋಲ್ ಅಂಬಾಸಿಡರಿನ 1,489 ಸಿಸಿ ಎಂಜಿನ್ನೂ ಎಂಜಿಬಿಯ 1,798 ಸಿಸಿ ಎಂಜಿನ್ನೂ ಒಂದೇ ಮನೆತನದವು. ಎರಡೂ ಬ್ರಿಟಿಷ್ ಮೋಟರ್ ಕಾರ್ಪೊರೇಷನ್ (ಬಿಎಂಸಿ) ಕಂಪನಿಯ ಬಿ-ಸೀರೀಸ್. ವಿಡಿಯೊದಲ್ಲಿ ಬಾನೆಟ್ ಎತ್ತಿ ತೋರಿಸಿದಾಗ ಮಾವನ ಮುಖ ಅರಳಿತು. "ಅಯ್ಯೋ, ಇದು ನಮ್ಮದೇ ಕಣೋ!"

ಓವರ್‌ಡ್ರೈವ್ ಅನ್ನು ಅವರು ಯಾವತ್ತೂ ನೋಡಿಲ್ಲ. ಹೇಗೆ ಕೆಲಸ ಮಾಡುತ್ತೆ ಅಂತ ಕೇಳಿದರು. ಕಡ್ಡಿ ತಳ್ಳಿದರೆ ಕರೆಂಟ್ ಸೋಲನಾಯ್ಡ್ ಅನ್ನುವ ವಿದ್ಯುತ್ ಅಯಸ್ಕಾಂತಕ್ಕೆ ಹೋಗುತ್ತದೆ. ಅದು ವಾಲ್ವ್ ಸರಿಸುತ್ತದೆ. ಆಗ ಆಯಿಲ್ ಪ್ರೆಶರ್ ಒಂದು ಕೋನ್ ಕ್ಲಚ್ಚನ್ನು ತಳ್ಳಿ ಹಿಡಿಯುತ್ತದೆ ಅಂದೆ. "ಹಂಗಾದ್ರೆ ಮೊದ್ಲು ಕರೆಂಟ್ ಎಲ್ಲೀವರೆಗೆ ಬರ್ತಿದೆ ನೋಡಪ್ಪ. ಕಬ್ಬಿಣ ಆಮೇಲೆ ಬಿಚ್ಚು" ಅಂದರು ಮಾವ.

ಭಾನುವಾರ ಕಾರನ್ನು ಜಾಕ್ ಕೊಟ್ಟು ಎತ್ತಿ, ಕೆಳಗೆ ಸ್ಟ್ಯಾಂಡ್ ಇಟ್ಟು, ಟೆಸ್ಟ್ ಲ್ಯಾಂಪ್ ಹಿಡಿದು ಒಳಗೆ ನುಗ್ಗಿದೆ. ಕಡ್ಡಿಯ ಹತ್ತಿರ ಕರೆಂಟ್ ಇತ್ತು. ಗೇರ್‌ಬಾಕ್ಸ್ ಹತ್ತಿರ ಇಲ್ಲ. ಎರಡರ ನಡುವೆ ವೈರ್ ಜೋಡಿಸುವ ಒಂದು ಬುಲೆಟ್ ಕನೆಕ್ಟರ್. ಎಳೆದರೆ ಕೈಗೇ ಬಂತು. ಒಳಗೆಲ್ಲ ಹಸಿರು ಕಿಲುಬು, ಉಜ್ಜದೆ ಬಿಟ್ಟ ತಾಮ್ರದ ಚೊಂಬಿನ ಥರ. ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಹೊಸ ಕನೆಕ್ಟರ್ ಹಾಕಿ, ಕೀ ತಿರುಗಿಸಿ ಕಡ್ಡಿ ತಳ್ಳಿದೆ.

ಟಕ್.

ಹೇಗೂ ಕೆಳಗೆ ಹೋಗಿದ್ದೇನೆ ಅಂತ ಓವರ್‌ಡ್ರೈವಿನ ಫಿಲ್ಟರ್ ತೊಳೆದು ಆಯಿಲ್ಲೂ ಬದಲಾಯಿಸಿದೆ. ಗೇರ್‌ಬಾಕ್ಸಿಗೂ ಓವರ್‌ಡ್ರೈವಿಗೂ ಒಂದೇ ಆಯಿಲ್. ಅದೂ ಎಂಜಿನ್ನಿಗೆ ಹಾಕುವ 20ಡಬ್ಲ್ಯೂ50. ಜಾರಿಕೆ ಹೆಚ್ಚಿಸುವ ಪುಡಿ-ಗಿಡಿ, ಅಡಿಟಿವ್ ಯಾವುದನ್ನೂ ಇದಕ್ಕೆ ಸೇರಿಸಬಾರದು, ಕೋನ್ ಕ್ಲಚ್ ಹಿಡಿಯದೆ ಜಾರುತ್ತದೆ.

ಮುಂದಿನ ಶನಿವಾರ ಎ57 ರಸ್ತೆಯಲ್ಲಿ ಸ್ನೇಕ್ ಪಾಸ್ ಅನ್ನುವ ಘಟ್ಟ ಹತ್ತಿದೆ. ಸುತ್ತ ಬರೀ ಬೋಳು ಗುಡ್ಡ, ಕುರಿ, ಗಾಳಿ. ನಮ್ಮ ಶಿರಾಡಿಯ ಕಾಡೆಲ್ಲಿ, ಇದೆಲ್ಲಿ! ತಿರುವಿನಲ್ಲಿ ಮೂರನೇ ಗೇರ್, ಸ್ವಲ್ಪ ನೇರ ರಸ್ತೆ ಸಿಕ್ಕರೆ ಅದಕ್ಕೇ ಓವರ್‌ಡ್ರೈವ್. ಗೇರ್ ಕೋಲು ಮುಟ್ಟದೆ, ಬೆರಳ ತುದಿಯಲ್ಲೇ ಹತ್ತಿಬಿಟ್ಟೆ. ಓವರ್‌ಡ್ರೈವ್ ತೆಗೆಯುವಾಗ ಆಕ್ಸಿಲರೇಟರ್ ಮೇಲಿನ ಕಾಲು ಪೂರ್ತಿ ಎತ್ತದಿದ್ದರೆ ಕಾರು ಒಂಚೂರೂ ಜಗ್ಗುವುದಿಲ್ಲ.

ವಾಪಸ್ ಬರುವಾಗ ಲೇಡಿಬೋವರ್ ಜಲಾಶಯದ ಹತ್ತಿರ ನಿಲ್ಲಿಸಿ ಮಾವನಿಗೆ ವಿಡಿಯೊ ಕಾಲ್ ಮಾಡಿದೆ. ಎಂಜಿನ್ ಆನ್ ಇತ್ತು. ಮಾವ ನೀರನ್ನೂ ನೋಡಲಿಲ್ಲ, ಗುಡ್ಡವನ್ನೂ ನೋಡಲಿಲ್ಲ. ಫೋನ್ ಕಿವಿಗೆ ಒತ್ತಿಕೊಂಡು ಸ್ವಲ್ಪ ಹೊತ್ತು ಸುಮ್ನೆ ಕೇಳಿದರು. "ಟ್ಯಾಪೆಟ್ ಒಂದು ಲೂಸ್ ಇದೆ ಕಣೋ. ಹದಿನೈದು ಥೌ ಇಡು."

ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ. ನಾಳೆ ಸಂದು ಅಳೆಯುವ ಫೀಲರ್ ಗೇಜ್ ಹಿಡಿದು ಕೂರುತ್ತೇನೆ.