ನಾಲ್ಕು ಗೆರೆಯ ನಾಲ್ಕು
ಜುಲೈ ಮಳೆಗೆ ಕರೆಂಟು ಹೋಗಿ ಎರಡು ದಿನ. ವಿರಾಜಪೇಟೆಯ ಮನೆಯಲ್ಲಿ ಮೇಣದಬತ್ತಿ ಹಚ್ಚಿ ಮಗಳಿಗೆ ರೋಮನ್ ಅಂಕಿ ಹೇಳಿಕೊಡಲು ಕುಳಿತೆ. ಚಿಕ್ಕದು ಎಡಕ್ಕೆ ಬಂದರೆ ಕಳೆಯಬೇಕು, ಬಲಕ್ಕೆ ಬಂದರೆ ಕೂಡಬೇಕು ಎಂದೆ. ಅವಳು ಅಜ್ಜನ ಗೋಡೆ ಗಡಿಯಾರದತ್ತ ಕೈ ತೋರಿಸಿ, ‘ಅಲ್ಲಿ ನಾಲ್ಕಕ್ಕೆ ನಾಲ್ಕು ಗೆರೆ ಇದೆಯಲ್ಲ?’ ಎಂದಳು. ನಲವತ್ತು ವರ್ಷ ನೋಡಿಯೂ ನಾನು ಗಮನಿಸಿರಲಿಲ್ಲ! ಹಳೆಯ ಗಡಿಯಾರಗಳಲ್ಲಿ ಅದೇ ರೂಢಿಯಂತೆ. ಒಂಬತ್ತಕ್ಕೆ ಮಾತ್ರ ಶಿಸ್ತಾಗಿ ಐ, ಎಕ್ಸ್.

ಆಮೇಲೆ ಇಸವಿಗಳು. ಎಂ ಎಂದರೆ ಸಾವಿರ, ಡಿ ಐನೂರು, ಸಿ ನೂರು, ಎಲ್ ಐವತ್ತು. ಕೊಡಗು ಬ್ರಿಟಿಷರ ಪಾಲಾದ 1834ಕ್ಕೆ ಹತ್ತು ಅಕ್ಷರ: ಎಂ, ಡಿ, ಮೂರು ಸಿ, ಮೂರು ಎಕ್ಸ್, ಐ, ವಿ. ಮೈಸೂರು ರಾಜ್ಯಕ್ಕೆ ಸೇರಿದ 1956ಕ್ಕೆ ಆರೇ ಸಾಕು: ಎಂ, ಸಿ, ಎಂ, ಎಲ್, ವಿ, ಐ. ಇದರ ಒಂಬೈನೂರಕ್ಕೆ ನಾನು ಡಿ ಪಕ್ಕ ನಾಲ್ಕು ಸಿ ಗೀಚಿದ್ದೆ; ಅವಳೇ ಹೊಡೆದುಹಾಕಿ ತಿದ್ದಿದಳು.