ಸ್ಟಾಕ್ ಮೈನಸ್ ಒಂದು ತೋರಿಸಿದ ದಿನ

ಅವತ್ತು ಬುಧವಾರ. ಬೆಳಗ್ಗೆ 10 ಗಂಟೆ ಇನ್ನೂ ಆಗಿರಲಿಲ್ಲ. ನಾವು ನೋಡಿಕೊಳ್ಳುವ ಸಾಫ್ಟ್‌ವೇರ್‌ನಲ್ಲಿ ಒಂದು ಸಾಮಾನಿನ ಸ್ಟಾಕ್ ಮೈನಸ್ 1 ಎಂದು ತೋರಿಸುತ್ತಿತ್ತು. ಗೋದಾಮಿನಲ್ಲಿ ಉಳಿದಿದ್ದದ್ದು ಒಂದೇ ಒಂದು. ಅದನ್ನು ಇಬ್ಬರಿಗೆ ಮಾರಿಯಾಗಿತ್ತು. ಅವರಲ್ಲಿ ಒಬ್ಬರು ಇಲ್ಲದ ಸಾಮಾನಿಗೆ ಹಣ ಕಟ್ಟಿ ಕಾಯುತ್ತಿದ್ದರು.

ಇದು ಮೊದಲ ಸಲವೇನೂ ಅಲ್ಲ. ಎರಡು ಮೂರು ತಿಂಗಳಿಗೊಮ್ಮೆ ಹೀಗೆ ಆಗುತ್ತಿತ್ತು. ಪ್ರತಿ ಸಲ ಯಾರಾದರೂ ಲೆಕ್ಕವನ್ನು ಕೈಯಿಂದಲೇ ಸರಿಮಾಡಿ, "ನೆಟ್‌ವರ್ಕ್ ನಿಧಾನ ಇದ್ದಿರಬಹುದು" ಎಂದು ಬರೆದು ದೂರು ಮುಚ್ಚುತ್ತಿದ್ದರು. ಟೆಸ್ಟಿಂಗ್‌ನಲ್ಲಿ ಎಷ್ಟು ಸಲ ನೋಡಿದರೂ ಆ ತಪ್ಪು ಮತ್ತೆ ಕಾಣುತ್ತಿರಲಿಲ್ಲ. ಹಾಗೆ ಬರೆದು ಮುಚ್ಚಿದವರಲ್ಲಿ ನಾನೂ ಇದ್ದೆ.

ಆದರೆ ಆ ದಿನ ಲಾಗ್, ಅಂದರೆ ಯಾವಾಗ ಏನಾಯಿತು ಎಂದು ಸಾಫ್ಟ್‌ವೇರ್ ತಾನೇ ಬರೆದಿಡುವ ದಾಖಲೆ, ತೆರೆದು ಎರಡು ಆರ್ಡರ್‌ಗಳ ಸಮಯ ನೋಡಿದಾಗ ಎದೆ ಡವಡವ ಎಂದಿತು. ಎರಡರ ನಡುವೆ ಒಂದು ಸೆಕೆಂಡ್ ಕೂಡ ಅಂತರವಿರಲಿಲ್ಲ. ಇದನ್ನು ನಾನು ಓದಿದ್ದೆ. ಓದಿ, ನೋಟ್‌ಬುಕ್‌ನಲ್ಲಿ ಬರೆದಿದ್ದೆ. ಆ ಪುಟದ ಮೂಲೆಯಲ್ಲಿ ಗೀಚಿದ್ದ ಚಿತ್ರ ಕೂಡ ಕಣ್ಣ ಮುಂದೆ ಬಂತು.

ಆ ಪುಟ ಹೇಗೆ ಹುಟ್ಟಿತು ಎಂದು ಹೇಳಲು ಒಂದು ವರ್ಷ ಹಿಂದಕ್ಕೆ ಹೋಗಬೇಕು.

ಆಗ ನಾನು ಪ್ರಮೋಷನ್‌ಗೆ ಅರ್ಜಿ ಹಾಕಿದ್ದೆ. ಆರು ವರ್ಷ ಅದೇ ಕೆಲಸ ಮಾಡಿದ್ದೆ. ಸಿಕ್ಕೇ ಸಿಗುತ್ತದೆ ಎಂದುಕೊಂಡಿದ್ದೆ. ಇಂಟರ್‌ವ್ಯೂ ಚೆನ್ನಾಗಿಯೇ ನಡೆಯುತ್ತಿತ್ತು. ಕೊನೆಗೆ ಹಿರಿಯರೊಬ್ಬರು ತುಂಬಾ ಮೆತ್ತಗೆ ಕೇಳಿದರು: "ನೀವು ದಿನಾ ಬಳಸೋ ಡೇಟಾಬೇಸ್ ಬಗ್ಗೆ ಈ ಒಂದು ವರ್ಷದಲ್ಲಿ ಹೊಸದಾಗಿ ಏನು ತಿಳ್ಕೊಂಡ್ರಿ?"

"ಕೆಲಸ ಮಾಡ್ತಾ ಮಾಡ್ತಾ ಕಲಿತಾ ಇರ್ತೀನಿ ಸರ್" ಎಂದೆ.

"ಸರಿ. ಒಂದು ಉದಾಹರಣೆ ಹೇಳಿ."

ನನಗೆ ಒಂದೂ ಹೊಳೆಯಲಿಲ್ಲ. ಅವರು ಸ್ವಲ್ಪ ಹೊತ್ತು ಕಾದರು. ಆಮೇಲೆ "ಪರವಾಗಿಲ್ಲ" ಎಂದು ಮುಂದಿನ ಪ್ರಶ್ನೆಗೆ ಹೋದರು. ಆ "ಪರವಾಗಿಲ್ಲ" ಎಂಬ ಮಾತು ನನಗೆ ಬಹಳ ದಿನ ಚುಚ್ಚಿತು. ಮೊದಲ ಎರಡು ವರ್ಷದಲ್ಲಿ ಕಲಿತದ್ದನ್ನೇ ಉಳಿದ ನಾಲ್ಕು ವರ್ಷ ಕೂತು ಖರ್ಚು ಮಾಡಿದ್ದೆ ಎಂಬುದು ಅವತ್ತು ಗೊತ್ತಾಯಿತು.

ಪ್ರಮೋಷನ್ ಬರಲಿಲ್ಲ. ಬಂದಿದ್ದರೆ ಇದ್ಯಾವುದೂ ಶುರುವಾಗುತ್ತಿರಲಿಲ್ಲ.

ಮರುವಾರವೇ ಜೋರಾಗಿ ಹೊರಟೆ. ದಿನಾ ರಾತ್ರಿ 50 ಪುಟ ಓದಬೇಕು, ತಿಂಗಳಿಗೆ ನಾಲ್ಕು ಪುಸ್ತಕ ಮುಗಿಸಬೇಕು ಎಂದು ಗುರಿ ಇಟ್ಟುಕೊಂಡೆ. ಆರಿಸಿಕೊಂಡದ್ದು ಯಾವ ಪುಸ್ತಕ? ಯಶಸ್ಸು, ನಾಯಕತ್ವ, ಸಮಯ ಉಳಿಸುವುದು, ಇಂಥವು. ಓದುವಾಗ ಮೈಯೆಲ್ಲ ಹುರುಪು. ಪುಸ್ತಕ ಮುಚ್ಚಿ ಮರುದಿನ ಕೆಲಸಕ್ಕೆ ಕೂತರೆ ಅದೇ ಸ್ಕ್ರೀನ್, ಅದೇ ಗೊತ್ತಿಲ್ಲದ ಸಂಗತಿಗಳು. ಅಂಥ ಪುಸ್ತಕಗಳು ಬೇಡ ಎಂದು ನಾನು ಹೇಳುವುದಿಲ್ಲ. ಆದರೆ ನನ್ನ ಕೊರತೆ ಇದ್ದದ್ದು ಉತ್ಸಾಹದಲ್ಲಿ ಅಲ್ಲ, ಕಸುಬಿನ ತಿಳಿವಳಿಕೆಯಲ್ಲಿ. ಹಸಿದವರಿಗೆ ನೀರು ಕೊಟ್ಟ ಹಾಗಿತ್ತು ಆ ಓದು.

ರಾತ್ರಿ ಹೊತ್ತು ಆರಿಸಿದ್ದೂ ತಪ್ಪಾಯಿತು. ದಿನವಿಡೀ ದಣಿದ ತಲೆಗೆ ನಾಲ್ಕನೇ ಪುಟಕ್ಕೇ ತೂಕಡಿಕೆ. ಒಂದೇ ಸಾಲನ್ನು ಮೂರು ಸಲ ಓದುತ್ತಿದ್ದೆ. ಒಂಬತ್ತನೇ ದಿನ ಓದಲಿಲ್ಲ. ಹತ್ತನೇ ದಿನ 100 ಪುಟದ ಬಾಕಿ ಕಣ್ಣ ಮುಂದೆ ನಿಂತಿತು. ಹನ್ನೊಂದನೇ ದಿನ ಪುಸ್ತಕ ಕಪಾಟು ಸೇರಿತು.

ಒಂದು ತಿಂಗಳು ಸುಮ್ನೆ ಇದ್ದೆ. ಆಮೇಲೆ ಬೇರೆ ರೀತಿ ಯೋಚಿಸಿದೆ. ಬೆಳಗ್ಗೆ ಕೆಲಸಕ್ಕೆ ಕೂತ ತಕ್ಷಣ ನಾನು ದಿನವೂ ತಪ್ಪದೆ ಮಾಡುವುದೇನು? ಕಂಪ್ಯೂಟರ್ ಆನ್ ಮಾಡಿ ಮೇಲ್ ತೆರೆಯುವುದು. ಆ ಎರಡರ ನಡುವೆ 20 ನಿಮಿಷ ಓದು ಇಡೋಣ ಎಂದುಕೊಂಡೆ. ಮೇಲ್ ಒಮ್ಮೆ ತೆರೆದರೆ ದಿನ ನನ್ನದಲ್ಲ. ಅದಕ್ಕೆ ಮೊದಲೇ ಓದು ಮುಗಿಯಬೇಕು. ಅದಕ್ಕಾಗಿ 20 ನಿಮಿಷ ಬೇಗ ಬರಲು ಶುರು ಮಾಡಿದೆ. ಮೊಬೈಲ್ ಬ್ಯಾಗಿನಲ್ಲೇ ಇರುತ್ತಿತ್ತು. ಪುಟದ ಲೆಕ್ಕ ಬಿಟ್ಟೆ. ಕೆಲವು ದಿನ ಆರು ಪುಟ ಆಗುತ್ತಿತ್ತು, ಕೆಲವು ದಿನ ಒಂದು. ತಾಂತ್ರಿಕ ವಿಷಯದಲ್ಲಿ ಒಂದು ಪುಟವನ್ನು ನಿಜವಾಗಿ ಅರ್ಥ ಮಾಡಿಕೊಂಡರೆ ಅದು ಸಣ್ಣ ಕೆಲಸವಲ್ಲ.

20 ನಿಮಿಷದಲ್ಲಿ ಏನಾಗುತ್ತದೆ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಲೆಕ್ಕ ಹಾಕಿ ತೋರಿಸಿದೆ. ವರ್ಷಕ್ಕೆ 250 ಕೆಲಸದ ದಿನ ಎಂದು ಹಿಡಿಯಿರಿ. 5,000 ನಿಮಿಷ, ಅಂದರೆ 83 ಗಂಟೆಗಿಂತ ಜಾಸ್ತಿ. ದಿನಕ್ಕೆ ಎಂಟು ಗಂಟೆಯಂತೆ ಹತ್ತು ದಿನ ಪೂರ್ತಿ ಕೂತು ಓದಿದ ಹಾಗೆ. ಯಾವ ಕಂಪನಿಯೂ ನಮಗೆ ಹತ್ತು ದಿನ ಸಂಬಳ ಕೊಟ್ಟು "ಕೂತು ಓದಿ" ಎನ್ನುವುದಿಲ್ಲ, ಅಲ್ವಾ?

ಏನು ಓದಬೇಕು ಎಂಬುದಕ್ಕೆ ಪಟ್ಟಿ ಹುಡುಕುವುದನ್ನು ನಿಲ್ಲಿಸಿದೆ. ಕೆಲಸ ಮಾಡುವಾಗ ಅರ್ಥವಾಗದೆ ದಾಟಿ ಹೋದ ಸಂಗತಿ ಇರುತ್ತದಲ್ಲ, ಅದನ್ನು ಅಲ್ಲೇ ಒಂದು ಸಾಲಿನ ಪ್ರಶ್ನೆಯಾಗಿ ಬರೆದಿಡುತ್ತಿದ್ದೆ. ಮರುದಿನ ಬೆಳಗ್ಗೆ ಆ ಪ್ರಶ್ನೆ ಹಿಡಿದು ಓದುತ್ತಿದ್ದೆ. ನಾವು ಬಳಸುವುದು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್, ಅಂದರೆ ಸ್ಟಾಕ್, ಆರ್ಡರ್‌ಗಳ ಲೆಕ್ಕವನ್ನೆಲ್ಲ ಇಟ್ಟುಕೊಳ್ಳುವ ಸಾಫ್ಟ್‌ವೇರ್. ಅದರ ಅಧಿಕೃತ ಕೈಪಿಡಿ ಉಚಿತವಾಗಿಯೇ ಸಿಗುತ್ತದೆ. ಆರು ವರ್ಷದಲ್ಲಿ ಅದರ ಒಂದು ಅಧ್ಯಾಯವನ್ನೂ ನಾನು ಮೊದಲಿನಿಂದ ಕೊನೆಯವರೆಗೆ ಓದಿರಲಿಲ್ಲ. ಬೇಕಾದ ಸಾಲನ್ನು ಹುಡುಕಿ, ನಕಲು ಮಾಡಿ, ಮುಚ್ಚುತ್ತಿದ್ದೆ. ಹತ್ತು ನಿಮಿಷದ ಸಾರಾಂಶಗಳ ಬಗ್ಗೆಯೂ ನನಗೆ ಈಗ ಅದೇ ಅಭಿಪ್ರಾಯ. ವಿಷಯ ಕಷ್ಟವಾಗುವ ಜಾಗದಲ್ಲೇ ಕಲಿಯುವುದು ಇರುತ್ತದೆ. ಸಾರಾಂಶ ಬಿಟ್ಟುಬಿಡುವುದು ಅದೇ ಜಾಗವನ್ನು.

ಆರನೇ ವಾರದಲ್ಲಿ ಜ್ವರ ಬಂದು ನಾಲ್ಕು ದಿನ ಓದು ತಪ್ಪಿತು. ಈ ಸಲವೂ ಮುಗಿಯಿತು ಎಂದು ಬೇಜಾರಾಯಿತು. ಆಗಲೇ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು 2009ರಲ್ಲಿ ಪ್ರಕಟಿಸಿದ ಅಧ್ಯಯನ ಕಣ್ಣಿಗೆ ಬಿತ್ತು. 96 ಜನ, 12 ವಾರ. ಊಟದ ಜೊತೆ ಒಂದು ಹಣ್ಣು ತಿನ್ನುವಂಥ ಸಣ್ಣ ಕೆಲಸವೊಂದನ್ನು ಅವರು ದಿನವೂ ಮಾಡಬೇಕಿತ್ತು. ಅದು ತಾನಾಗಿ ಆಗುವ ಮಟ್ಟಕ್ಕೆ ಬರಲು ಮಧ್ಯಮ ಲೆಕ್ಕದಲ್ಲಿ 66 ದಿನ ಬೇಕಾಗಿತ್ತು. ಕೆಲವರಿಗೆ 18 ದಿನ ಸಾಕು, ಇನ್ನು ಕೆಲವರಿಗೆ 254 ದಿನದವರೆಗೂ ಬೇಕಾಗಬಹುದು ಎಂದು ಅವರ ಲೆಕ್ಕ ಹೇಳಿತು. ನನಗೆ ಸಮಾಧಾನ ಕೊಟ್ಟದ್ದು ಇನ್ನೊಂದು ಮಾತು. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಮುರಿದು ಬೀಳುವುದಿಲ್ಲ ಎಂದು ಅವರು ಕಂಡಿದ್ದರು. ನನ್ನದು ನಾಲ್ಕು ದಿನ, ನಿಜ. ಆದರೂ ಐದನೇ ದಿನ ಬಾಕಿ ಗೀಕಿ ಎಂದು ಯೋಚಿಸದೆ 20 ನಿಮಿಷ ಕೂತೆ. ಹಳೆಯ ಬಾಕಿ ತೀರಿಸಲು ಹೋಗದಿದ್ದದ್ದೇ ನನ್ನನ್ನು ಉಳಿಸಿತು.

ಇನ್ನೊಂದು ತೊಂದರೆ ನಿಧಾನವಾಗಿ ತಿಳಿಯಿತು. ಓದುತ್ತಿದ್ದೆ, ಅರ್ಥವೂ ಆಗುತ್ತಿತ್ತು, ಆದರೆ ವಾರ ಕಳೆದರೆ ತಲೆಯಲ್ಲಿ ಏನೂ ಇರುತ್ತಿರಲಿಲ್ಲ. ಇದಕ್ಕೂ ಓದೇ ದಾರಿ ತೋರಿಸಿತು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಸೂರ್ಯನ ಬಗ್ಗೆ, ಕಡಲ ನೀರುನಾಯಿಗಳ ಬಗ್ಗೆ ಸಣ್ಣ ಪಾಠ ಕೊಟ್ಟರು. ಕೆಲವರು ಪಾಠವನ್ನು ಮತ್ತೆ ಮತ್ತೆ ಓದಿದರು. ಇನ್ನು ಕೆಲವರು ಪಾಠ ಮುಚ್ಚಿಟ್ಟು ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ತಲೆಕೆಳಗಾಯಿತು. ನೆನಪಿನಿಂದ ಬರೆದವರಿಗೆ ಜಾಸ್ತಿ ನೆನಪಿತ್ತು.

ಅವತ್ತಿನಿಂದ 15 ನಿಮಿಷ ಓದು, 5 ನಿಮಿಷ ಬರಹ. ಪುಟ ಮುಚ್ಚಿ, ನೋಡದೆ, ನನ್ನದೇ ಮಾತಿನಲ್ಲಿ ಮೂರು ಸಾಲು. ಮೊದಲ ಕೆಲವು ದಿನ ಒಂದು ಸಾಲೂ ಬರಲಿಲ್ಲ. ಈಗ ತಾನೇ ಓದಿದ್ದು! ಬರೆಯಲು ಕೂತ ಮೇಲೆಯೇ ನನಗೆ ಎಷ್ಟು ಅರ್ಥವಾಗಿಲ್ಲ ಎಂದು ಕಾಣುತ್ತಿತ್ತು. ಶುಕ್ರವಾರ ಮಾತ್ರ ಹೊಸದು ಓದುತ್ತಿರಲಿಲ್ಲ. ಹಳೆಯ ಪ್ರಶ್ನೆಗಳನ್ನು ತೆಗೆದು ಉತ್ತರ ನೆನಪಿದೆಯೇ ಎಂದು ನೋಡುತ್ತಿದ್ದೆ.

ಆ ಬುಧವಾರ ನೆನಪಿಗೆ ಬಂದದ್ದು ಅಂಥ ಮೂರು ಸಾಲು. ನಾಲ್ಕು ತಿಂಗಳ ಹಿಂದೆ, ಒಂದೇ ಹೊತ್ತಿನಲ್ಲಿ ಇಬ್ಬರು ಒಂದೇ ಲೆಕ್ಕವನ್ನು ಮುಟ್ಟಿದರೆ ಏನಾಗುತ್ತದೆ ಎಂಬ ಅಧ್ಯಾಯ ಓದುವಾಗ ಬರೆದದ್ದು. ಮೂಲೆಯಲ್ಲಿ ಒಂದು ಡಬ್ಬ, ಅದನ್ನು ನೋಡುತ್ತಿರುವ ಎರಡು ಕಣ್ಣು ಗೀಚಿದ್ದೆ.

ನೋಟ್‌ಬುಕ್ ಹಿಡಿದು ಮೀಟಿಂಗ್‌ಗೆ ಹೋದೆ. "ಇದು ನೆಟ್‌ವರ್ಕ್ ತೊಂದರೆ ಅಲ್ಲ ಅನ್ಸುತ್ತೆ ಸರ್. ಒಂದು ನಿಮಿಷ ಬೋರ್ಡ್ ಮೇಲೆ ತೋರಿಸಲಾ?" ಎಂದು ಕೇಳಿದೆ. ಅಂಥ ಮೀಟಿಂಗ್‌ನಲ್ಲಿ ನಾನಾಗಿಯೇ ಎದ್ದು ನಿಂತದ್ದು ಅದೇ ಮೊದಲು.

ನಮ್ಮ ಪ್ರೋಗ್ರಾಂ ಎರಡು ಹೆಜ್ಜೆಯಲ್ಲಿ ಕೆಲಸ ಮಾಡುತ್ತಿತ್ತು. ಮೊದಲು ಸ್ಟಾಕ್ ಇದೆಯೇ ಎಂದು ನೋಡುವುದು. ಇದ್ದರೆ, ಆಮೇಲೆ ಒಂದು ಕಳೆಯುವುದು. ಮೊದಲ ಆರ್ಡರ್ ನೋಡಿದಾಗ ಒಂದು ಇತ್ತು. ಅದು ಕಳೆಯುವ ಮೊದಲೇ ಎರಡನೆಯದೂ ನೋಡಿತು. ಅದಕ್ಕೂ ಒಂದೇ ಕಂಡಿತು. ಮೊದಲನೆಯದು ಕಳೆದಾಗ ಸೊನ್ನೆ, ಎರಡನೆಯದು ಕಳೆದಾಗ ಮೈನಸ್ ಒಂದು. ಡೇಟಾಬೇಸ್ ಇಬ್ಬರನ್ನೂ ಸಾಲಿನಲ್ಲಿ ನಿಲ್ಲಿಸಿಯೇ ಕಳೆದಿತ್ತು. ಅದರ ತಪ್ಪೇನೂ ಇಲ್ಲ. ನೋಡುವ ಹೆಜ್ಜೆ ಮತ್ತು ಕಳೆಯುವ ಹೆಜ್ಜೆಯ ನಡುವೆ ನಾವೇ ಒಂದು ಸಂದಿ ಬಿಟ್ಟಿದ್ದೆವು. ಟೆಸ್ಟಿಂಗ್‌ನಲ್ಲಿ ಒಬ್ಬೊಬ್ಬರೇ ಪರೀಕ್ಷೆ ಮಾಡುತ್ತಿದ್ದೆವು. ಆ ಸಂದಿ ಕಾಣುವುದಾದರೂ ಹೇಗೆ?

ಪರಿಹಾರವೂ ಅದೇ ಪುಟದಲ್ಲಿತ್ತು. ಎರಡು ಹೆಜ್ಜೆಯನ್ನು ಒಂದು ಮಾಡುವುದು: "ಸ್ಟಾಕ್ ಒಂದು ಅಥವಾ ಜಾಸ್ತಿ ಇದ್ದರೆ ಮಾತ್ರ ಕಳೆ" ಎಂದು ಒಂದೇ ಆಜ್ಞೆಯಲ್ಲಿ ಹೇಳಿ, ಡೇಟಾಬೇಸ್‌ನ ಸ್ಟಾಕ್ ಟೇಬಲ್‌ನಲ್ಲಿ (ಪಟ್ಟಿಯಲ್ಲಿ) ಎಷ್ಟು ಸಾಲು ಬದಲಾಯಿತು ಎಂದು ನೋಡುವುದು. ಒಂದೂ ಬದಲಾಗದಿದ್ದರೆ ಸ್ಟಾಕ್ ಮುಗಿದಿದೆ ಎಂದರ್ಥ. ಜೊತೆಗೆ ಸ್ಟಾಕ್ ಸೊನ್ನೆಗಿಂತ ಕೆಳಗೆ ಹೋಗಬಾರದು ಎಂಬ ನಿಯಮವನ್ನು ಟೇಬಲ್‌ನಲ್ಲೇ ಹಾಕುವುದು.

ಮ್ಯಾನೇಜರ್ ಬೋರ್ಡ್ ನೋಡುತ್ತಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಎರಡು ಆರ್ಡರ್ ಒಟ್ಟಿಗೇ ಬಿಟ್ಟು ನೋಡೋಣ" ಎಂದರು. ಬಿಟ್ಟೆವು. ಏಳನೇ ಪ್ರಯತ್ನಕ್ಕೆ ಸ್ಕ್ರೀನ್ ಮೇಲೆ ಮೈನಸ್ 1 ಬಂತು. ತಪ್ಪು ಸಿಕ್ಕಿದ್ದಕ್ಕೆ ಇಡೀ ಕೋಣೆ ಅಷ್ಟು ಖುಷಿಪಟ್ಟದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಸಂಜೆಯ ಹೊತ್ತಿಗೆ ತಿದ್ದುಪಡಿ ಸಿದ್ಧವಾಗಿತ್ತು.

ಅದಾದ ಮೇಲೆ ಹೊಸ ಕೆಲಸಗಳ ವಿನ್ಯಾಸ ಚರ್ಚಿಸುವ ಮೀಟಿಂಗ್‌ಗೆ ನನ್ನನ್ನೂ ಕರೆಯಲು ಶುರು ಮಾಡಿದರು. ಪ್ರಮೋಷನ್ ಬಂದದ್ದು ಮುಂದಿನ ವರ್ಷ. ನಿಜ ಹೇಳಬೇಕೆಂದರೆ, ಆ ಪತ್ರ ಕೈಗೆ ಬಂದ ದಿನಕ್ಕಿಂತ ಆ ಬುಧವಾರವೇ ನನಗೆ ದೊಡ್ಡದು.

ಮೀಟಿಂಗ್ ಮುಗಿಸಿ ಹೊರಬರುವಾಗ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಕೇಳಿದಳು: "ಒಂದೇ ಆರ್ಡರ್‌ನಲ್ಲಿ ಎರಡು ಸಾಮಾನು ಇದ್ರೆ? ಒಬ್ಬರು ಮೊದಲನೆಯದನ್ನ ಹಿಡ್ಕೊಂಡು ಎರಡನೆಯದಕ್ಕೆ ಕಾಯ್ತಾರೆ, ಇನ್ನೊಬ್ಬರು ಎರಡನೆಯದನ್ನ ಹಿಡ್ಕೊಂಡು ಮೊದಲನೆಯದಕ್ಕೆ ಕಾಯ್ತಾರೆ. ಆಗ ಏನಾಗುತ್ತೆ?"

ನನಗೆ ಗೊತ್ತಿರಲಿಲ್ಲ. "ನಾಳೆ ಬೆಳಗ್ಗೆ ಮೇಲ್ ತೆಗೆಯೋಕೆ ಮುಂಚೆ ಬಾ, ಒಟ್ಟಿಗೆ ಓದೋಣ" ಎಂದೆ. ನೋಟ್‌ಬುಕ್ ತೆರೆದು, ಹೊಸ ಪುಟದಲ್ಲಿ ಅವಳ ಪ್ರಶ್ನೆಯನ್ನು ಅವಳ ಮಾತಿನಲ್ಲೇ ಬರೆದುಕೊಂಡೆ.